ಒಪ್ಪಿಸಿದವರು ಯಾರು? ದೇವರ ಚಿತ್ತ, ಕ್ರಿಸ್ತನ ಬಾಧೆ ಮತ್ತು ಸಾಕ್ಷಿಯ ಕರೆಯ ಕುರಿತು ಅಧ್ಯಯನ ಟಿಪ್ಪಣಿ

ದೇವರ ಚಿತ್ತ, ಕ್ರಿಸ್ತನ ಬಾಧೆ, ಸುವಾರ್ತೆ ಸಾರುವ ಕರೆ ಎಂಬ ಮೂರು ಪಾಠಗಳನ್ನು ನಾನು ಬೇರೆಬೇರೆಯಾಗಿ ಓದಿದ್ದೆ, ಹಾಗೆ ಓದಿದಾಗ ಮೂರೂ ಅರ್ಥವಾದಂತೆಯೇ ಇತ್ತು. ಅವನ್ನು ಒಂದೇ ಪುಟದಲ್ಲಿ ಕೂಡಿಸಿ ಬರೆಯಲು ಕುಳಿತಾಗ ಮಾತ್ರ ಎರಡು ಕಡೆ ಸಿಕ್ಕಿಕೊಂಡೆ. ಶಿಲುಬೆ ದೇವರ ಚಿತ್ತವೇ ಆಗಿದ್ದರೆ, ಯೇಸುವನ್ನು ಶತ್ರುಗಳ ಕೈಗೆ ಹಿಡುಕೊಟ್ಟ ಶಿಷ್ಯನಾದ ಯೂದನ ತಪ್ಪೇನು ಎಂಬುದು ಮೊದಲನೆಯ ಸಿಕ್ಕು. ರಕ್ಷಣೆ ದೇವರ ಕೆಲಸವೇ ಆಗಿದ್ದರೆ ನಾನು ಬಾಯಿ ತೆರೆಯುವ ಅಗತ್ಯವೇನು ಎಂಬುದು ಎರಡನೆಯದು. ಎರಡರ ಬೇರೂ ಒಂದೇ ಎಂದು ತಿಳಿಯಲು ಬಹಳ ದಿನ ಹಿಡಿಯಿತು. ದೇವರ ಚಿತ್ತವನ್ನೂ ಮನುಷ್ಯನ ಕ್ರಿಯೆಯನ್ನೂ ನಾನು ಒಂದೇ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇಟ್ಟು ತೂಗುತ್ತಿದ್ದೆ. ಒಂದು ತಟ್ಟೆ ಕೆಳಗಿಳಿದರೆ ಇನ್ನೊಂದು ಮೇಲೇಳಲೇಬೇಕೆಂದು ಭಾವಿಸಿದ್ದೆ. ಆ ತಕ್ಕಡಿಯನ್ನು ಕೈಬಿಟ್ಟ ಬಗೆಯನ್ನು, ನೆನಪು ಮಾಸುವ ಮೊದಲು, ನನ್ನಂತೆಯೇ ಓದುತ್ತಿರುವವರಿಗಾಗಿ ಬರೆದಿಡುತ್ತಿದ್ದೇನೆ.

ಚಿತ್ತ ಎಂಬ ಮಾತಿನ ಎರಡು ಬಳಕೆಗಳು

ಇದನ್ನು ಚಿಕ್ಕದಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಬೈಬಲಿನಲ್ಲಿ ದೇವರ ಚಿತ್ತ ಎಂಬ ಮಾತು ಕೆಲವೆಡೆ ದೇವರು ನೆರವೇರಿಸಿಯೇ ತೀರುವ ಸಂಕಲ್ಪವನ್ನು ಸೂಚಿಸುತ್ತದೆ, ಕೆಲವೆಡೆ ದೇವರು ನಮ್ಮಿಂದ ಬಯಸುವ ನಡತೆಯನ್ನು ಸೂಚಿಸುತ್ತದೆ. ಯೇಸು ದೇವರ ಸ್ಥಿರಸಂಕಲ್ಪದ ಪ್ರಕಾರ ಒಪ್ಪಿಸಲ್ಪಟ್ಟನೆಂದು ಪೇತ್ರನು ಹೇಳುವುದು (ಅಪೊಸ್ತಲರ ಕೃತ್ಯಗಳು 2:23) ಮೊದಲನೆಯ ಅರ್ಥಕ್ಕೆ ಉದಾಹರಣೆ. ನೀವು ಪವಿತ್ರರಾಗಿರಬೇಕೆಂಬುದೇ ದೇವರ ಚಿತ್ತವೆಂದು ಪೌಲನು ಬರೆಯುವುದು (1 ಥೆಸಲೋನಿಕ 4:3) ಎರಡನೆಯದಕ್ಕೆ ಉದಾಹರಣೆ. ಎರಡನೆಯ ಬಗೆಯ ಚಿತ್ತವನ್ನು ಮನುಷ್ಯನು ಮೀರಬಲ್ಲನು, ದಿನವೂ ಮೀರುತ್ತಾನೆ. ಹೊಸ ಒಡಂಬಡಿಕೆಯ ಮೂಲಭಾಷೆಯಾದ ಗ್ರೀಕ್‌ನ ಪದಗಳನ್ನು ನೋಡಿಕೊಂಡರೆ ಈ ಭೇದ ತಾನಾಗಿ ತಿಳಿಯುತ್ತದೆಂದು ನಾನು ಮೊದಲು ನಂಬಿದ್ದೆ, ಅದು ಹಾಗಿಲ್ಲ. ಪೇತ್ರನು ಸಂಕಲ್ಪಕ್ಕೆ ಬಳಸಿದ ‘ಬೂಲೆ’ ಎಂಬ ಪದವೇ ಲೂಕ 7:30ರಲ್ಲಿಯೂ ಇದೆ, ಅಲ್ಲಿ ಫರಿಸಾಯರು (ಯೆಹೂದ್ಯರ ಒಂದು ಧಾರ್ಮಿಕ ಪಂಗಡದವರು) ತಮ್ಮ ವಿಷಯದಲ್ಲಿ ದೇವರಿಗಿದ್ದ ಉದ್ದೇಶವನ್ನು ತಳ್ಳಿಬಿಟ್ಟರೆಂದು ಬರೆದಿದೆ. ಆದ್ದರಿಂದ ಯಾವ ಅರ್ಥವೆಂಬುದನ್ನು ನಿಘಂಟಿಗಿಂತ ಆ ವಾಕ್ಯದ ಹಿಂದುಮುಂದನ್ನು ನೋಡಿಯೇ ತಿಳಿಯಬೇಕಾಗುತ್ತದೆ.

ನಾನು ಎಡವಿದ ಹೆಜ್ಜೆ: ಒಂದು ಕ್ರಿಯಾಪದ, ಹಲವು ಕರ್ತೃಗಳು

ಮೇಲಿನ ಭೇದವನ್ನು ತಿಳಿದುಕೊಂಡರೂ ನನ್ನ ಮೊದಲನೆಯ ಪ್ರಶ್ನೆ ಹಾಗೆಯೇ ಉಳಿಯಿತು, ಏಕೆಂದರೆ ಶಿಲುಬೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ: ದೇವರ ಸಂಕಲ್ಪವು ನೆರವೇರಿದ್ದು ಮನುಷ್ಯರು ದೇವರ ಆಜ್ಞೆಯನ್ನು ಮೀರಿದ್ದರ ಮೂಲಕವೇ. ನಿರಪರಾಧಿಯನ್ನು ಕೊಲ್ಲಬಾರದೆಂದು ಹೇಳಿದ ದೇವರು ನಿರಪರಾಧಿಯೊಬ್ಬನ ಮರಣವನ್ನು ಸಂಕಲ್ಪಿಸಿದ್ದು ಹೇಗೆ?

ಈ ಗಂಟು ಸಡಿಲವಾದದ್ದು ‘ಪರದಿದೋಮಿ’ ಎಂಬ ಒಂದೇ ಒಂದು ಗ್ರೀಕ್ ಕ್ರಿಯಾಪದದಿಂದ. ಅದರ ಅರ್ಥ ಒಬ್ಬನನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದು. ಕನ್ನಡದಲ್ಲಿ ಓದುವಾಗ ಯೂದನ ವಿಷಯದಲ್ಲಿ ‘ಹಿಡುಕೊಡು’ ಎಂದೂ ರೋಮನ್ ಅಧಿಪತಿ ಪಿಲಾತನ ವಿಷಯದಲ್ಲಿ ‘ಒಪ್ಪಿಸು’ ಎಂದೂ ಓದಿ ಅಭ್ಯಾಸವಾಗಿದ್ದುದರಿಂದ, ಮೂಲದಲ್ಲಿ ಎರಡೂ ಒಂದೇ ಪದವೆಂಬುದು ನನ್ನ ಗಮನಕ್ಕೆ ಬಂದಿರಲೇ ಇಲ್ಲ. ಒಂದು ಹಾಳೆಯಲ್ಲಿ ಆ ಕ್ರಿಯಾಪದ ಬರುವ ವಾಕ್ಯಗಳನ್ನು ಒಂದರ ಕೆಳಗೊಂದು ಬರೆದು, ಪ್ರತಿಯೊಂದರ ಎದುರಿಗೆ ಒಪ್ಪಿಸಿದವರು ಯಾರು, ಏತಕ್ಕೆ ಎಂದು ಗುರುತು ಹಾಕಿದೆ. ಯೂದನು ಒಪ್ಪಿಸಲು ಹೋದನು (ಮಾರ್ಕ 14:10). ಅವನ ಕೈಗೆ ಬಂದದ್ದು 30 ಬೆಳ್ಳಿಯ ನಾಣ್ಯಗಳೆಂದು ಮತ್ತಾಯನು ಬರೆಯುತ್ತಾನೆ. ಮಹಾಯಾಜಕರು ಯೇಸುವನ್ನು ಕಟ್ಟಿ ಪಿಲಾತನಿಗೆ ಒಪ್ಪಿಸಿದರು (ಮಾರ್ಕ 15:1). ಅವರು ಹೊಟ್ಟೇಕಿಚ್ಚಿನಿಂದ ಹಾಗೆ ಮಾಡಿದರೆಂಬುದು ಪಿಲಾತನಿಗೇ ಗೊತ್ತಿತ್ತು (15:10). ಪಿಲಾತನು ಜನರ ಗುಂಪನ್ನು ಮೆಚ್ಚಿಸಬೇಕೆಂದು ಯೇಸುವನ್ನು ಕೊರಡೆಗಳಿಂದ ಹೊಡಿಸಿ ಶಿಲುಬೆಗೆ ಒಪ್ಪಿಸಿದನು (15:15). ದೇವಾಲಯದ ಬಳಿ ನೆರೆದಿದ್ದ ಜನರಿಗೆ ಪೇತ್ರನು, ನೀವೇ ಆತನನ್ನು ಒಪ್ಪಿಸಿಕೊಟ್ಟಿರಿ ಎಂದು ಹೇಳುತ್ತಾನೆ (ಅಪೊಸ್ತಲರ ಕೃತ್ಯಗಳು 3:13). ಇಷ್ಟನ್ನು ಬರೆದ ಮೇಲೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8:32 ಬಂತು: ದೇವರು ತನ್ನ ಸ್ವಂತ ಮಗನನ್ನು ಉಳಿಸಿಕೊಳ್ಳದೆ ನಮ್ಮೆಲ್ಲರಿಗೋಸ್ಕರ ಒಪ್ಪಿಸಿದನು. ಕೊನೆಗೆ ಗಲಾತ್ಯ 2:20 ಬಂತು: ದೇವಕುಮಾರನು ನನ್ನನ್ನು ಪ್ರೀತಿಸಿ ನನಗೋಸ್ಕರ ತನ್ನನ್ನೇ ಒಪ್ಪಿಸಿಕೊಟ್ಟನು.

ಘಟನೆ ಒಂದೇ, ಕ್ರಿಯಾಪದವೂ ಒಂದೇ, ಕರ್ತೃಗಳು ಆರು. ‘ಏತಕ್ಕೆ’ ಎಂಬ ಸಾಲನ್ನು ಮೇಲಿನಿಂದ ಕೆಳಗೆ ಓದಿದರೆ ಹಣ, ಹೊಟ್ಟೇಕಿಚ್ಚು, ಜನರ ಮೆಚ್ಚುಗೆ ಎಂದು ಹೋಗಿ, ಕೊನೆಯ ಎರಡು ಸಾಲುಗಳಲ್ಲಿ ‘ನಮಗೋಸ್ಕರ’, ‘ನನಗೋಸ್ಕರ’ ಎಂದು ನಿಲ್ಲುತ್ತದೆ. ಯೂದನು ಒಪ್ಪಿಸಿದ್ದರಲ್ಲಿ ದೇವರು ಒಪ್ಪಿಸಿದ್ದು ಇಷ್ಟು ಪಾಲು, ಯೂದನದು ಇಷ್ಟು ಪಾಲು ಎಂದು ಹಂಚಲು ಬರುವುದಿಲ್ಲ; ಪ್ರತಿಯೊಬ್ಬನೂ ಪೂರ್ತಿಯಾಗಿ ಒಪ್ಪಿಸಿದನು, ಪ್ರತಿಯೊಬ್ಬನೂ ತನ್ನದೇ ಮನಸ್ಸಿನಿಂದ ಒಪ್ಪಿಸಿದನು. ಯೂದನಿಗೆ ಲೋಕದ ರಕ್ಷಣೆಯ ಯೋಚನೆಯೇ ಇರಲಿಲ್ಲವಾದ್ದರಿಂದ ದೇವರ ಉದ್ದೇಶದ ನೆರಳಿನಲ್ಲಿ ಅವನು ಅಡಗಿಕೊಳ್ಳಲಾರನು. ದೇವರಿಗೆ ಹಣದ ಆಸೆಯಾಗಲಿ ಹೊಟ್ಟೇಕಿಚ್ಚಾಗಲಿ ಇರಲಿಲ್ಲವಾದ್ದರಿಂದ ಯೂದನ ಪಾಪ ದೇವರಿಗೆ ಅಂಟುವುದಿಲ್ಲ. ಮನುಷ್ಯಕುಮಾರನು ಬರೆದಿರುವ ಪ್ರಕಾರವೇ ಹೊರಟುಹೋಗುತ್ತಾನೆ, ಆದರೂ ಆತನನ್ನು ಹಿಡುಕೊಡುವವನ ಗತಿಯನ್ನು ಏನು ಹೇಳಲಿ ಎಂದು ಯೇಸು ಒಂದೇ ಉಸಿರಿನಲ್ಲಿ ಹೇಳಿದ್ದು (ಮಾರ್ಕ 14:21) ಇದೇ ಕಾರಣಕ್ಕೆ ಎಂದು ನನಗೆ ಈಗ ಅರ್ಥವಾಗುತ್ತದೆ.

ಇದು ಹೊಸ ಒಡಂಬಡಿಕೆಯಲ್ಲಿ ಮೊದಲ ಬಾರಿಗೆ ಹುಟ್ಟಿದ ಯೋಚನೆಯಲ್ಲ. ಯೋಸೇಫನು ತನ್ನನ್ನು ಮಾರಿದ ಅಣ್ಣಂದಿರಿಗೆ ಹೇಳಿದ ಮಾತು (ಆದಿಕಾಂಡ 50:20) ಇದೇ ರೀತಿಯದು: ನೀವು ನನಗೆ ಕೇಡನ್ನು ಎಣಿಸಿದಿರಿ, ದೇವರು ಅದನ್ನೇ ಮೇಲಿಗೆಂದು ಎಣಿಸಿದನು. ಅಲ್ಲಿ ಹೀಬ್ರು ಮೂಲದಲ್ಲಿ ಎರಡು ಕಡೆಯೂ ‘ಎಣಿಸು’ ಎಂಬರ್ಥದ ಒಂದೇ ಕ್ರಿಯಾಪದವಿದೆ. ಅಣ್ಣಂದಿರು ಮಾಡಿದ ಕೇಡನ್ನು ದೇವರು ಆಮೇಲೆ ಹೇಗೋ ಸರಿಪಡಿಸಿದನೆಂದು ಯೋಸೇಫನು ಹೇಳಬಹುದಾಗಿತ್ತು. ಅವನು ಹಾಗೆ ಹೇಳದೆ, ಎರಡು ಎಣಿಕೆಗಳೂ ಮೊದಲಿನಿಂದಲೇ ಅಕ್ಕಪಕ್ಕದಲ್ಲಿದ್ದವೆಂಬಂತೆ ಮಾತನಾಡುತ್ತಾನೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಸೇರಿಸಬೇಕು. ದೇವರ ಸಂಕಲ್ಪ ಎಂದ ಕೂಡಲೇ ನನ್ನ ಮನಸ್ಸು ಅದನ್ನು ವಿಧಿ ಎಂಬ ಮಾತಿಗೆ ಬದಲಾಯಿಸಿಕೊಳ್ಳುತ್ತಿತ್ತು, ಹಣೆಬರಹವನ್ನು ಯಾರು ತಪ್ಪಿಸಬಲ್ಲರು ಎಂಬ ಧಾಟಿ ಬಂದುಬಿಡುತ್ತಿತ್ತು. ವಿಧಿಗೆ ಮುಖವಿಲ್ಲ, ಅದಕ್ಕೆ ಪ್ರಾರ್ಥನೆ ಸಲ್ಲಿಸಿ ಪ್ರಯೋಜನವಿಲ್ಲ. ಬೈಬಲಿನ ಸಂಕಲ್ಪವು ತಂದೆಯೊಬ್ಬನ ಸಂಕಲ್ಪವಾಗಿದೆ, ಅದರ ಕೇಂದ್ರದಲ್ಲಿರುವ ಮಗನು ಅದರ ಕುರಿತು ತಂದೆಯೊಂದಿಗೆ ಮಾತನಾಡುತ್ತಾನೆ. ಅದನ್ನು ನೋಡಲು ಗೆತ್ಸೇಮನೆಗೆ ಹೋಗಬೇಕು.

ಗೆತ್ಸೇಮನೆ

ಎಣ್ಣೆಮರಗಳ ಗುಡ್ಡದ ಬುಡದಲ್ಲಿದ್ದ ಆ ಸ್ಥಳದ ಹೆಸರಿನ ಅರ್ಥ ಎಣ್ಣೆಗಾಣ. ಅಲ್ಲಿ ಯೇಸು ನೆಲದ ಮೇಲೆ ಬಿದ್ದು, ಅಪ್ಪಾ, ತಂದೆಯೇ, ಎಲ್ಲವೂ ನಿನಗೆ ಸಾಧ್ಯ, ಈ ಪಾತ್ರೆಯನ್ನು ನನ್ನಿಂದ ತೊಲಗಿಸು, ಆದರೂ ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆ ಆಗಲಿ ಎಂದು ಬೇಡಿಕೊಂಡನು (ಮಾರ್ಕ 14:36). ಆ ಪಾತ್ರೆ ಯಾವುದೆಂದು ತಿಳಿಯಲು ಯೆಶಾಯ 51:17ನ್ನೂ ಯೆರೆಮೀಯ 25:15ನ್ನೂ ಓದಬೇಕು. ಅಲ್ಲಿ ಪಾತ್ರೆಯೆಂದರೆ ಪಾಪದ ಮೇಲೆ ಬರುವ ದೇವರ ರೋಷದ ಪಾತ್ರೆ. ಹಾಗಾಗಿ ಯೇಸುವಿನ ನಡುಕವನ್ನು ಸಾವಿನ ಭಯವೆಂದಷ್ಟೇ ಓದುವುದು ಸಾಲದು.

ಮತ್ತಾಯನು ಎರಡನೆಯ ಸಲದ ಪ್ರಾರ್ಥನೆಯನ್ನು ಬರೆಯುವಾಗ (26:42) ಬಳಸಿರುವ ‘ನಿನ್ನ ಚಿತ್ತವು ನೆರವೇರಲಿ’ ಎಂಬ ಮಾತು, ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯಲ್ಲಿ (6:10) ಇರುವ ಮಾತೇ ಆಗಿದೆ. ಗ್ರೀಕ್ ಮೂಲದಲ್ಲಿ ಎರಡೂ ಅಕ್ಷರಶಃ ಒಂದೇ. ನಾನು ಚಿಕ್ಕಂದಿನಿಂದ ಸಾವಿರಾರು ಸಲ ಹೇಳಿರುವ ಸಾಲನ್ನು ಅದನ್ನು ಕಲಿಸಿದವನೇ ಬೆವರು ಸುರಿಸುತ್ತಾ ಹೇಳಿದನೆಂದು ತಿಳಿದ ಮೇಲೆ ಆ ಸಾಲನ್ನು ಓಡಿಸಿಕೊಂಡು ಹೇಳಲು ನನಗೆ ಆಗುತ್ತಿಲ್ಲ.

ಇಲ್ಲಿ ಯೇಸುವಿನ ಮನುಷ್ಯ ಚಿತ್ತವು ನಿಜವಾದದ್ದೋ, ಅಥವಾ ಆತನಲ್ಲಿ ಇದ್ದದ್ದು ದೈವಚಿತ್ತ ಒಂದೇ ಆಗಿತ್ತೋ ಎಂಬ ವಾದವು 7ನೆಯ ಶತಮಾನದಲ್ಲಿ ಕ್ರೈಸ್ತ ಸಭೆಯನ್ನು ಅಲುಗಾಡಿಸಿತು. ಎರಡು ಚಿತ್ತಗಳಿದ್ದವೆಂದು ಗೆತ್ಸೇಮನೆಯ ಪ್ರಾರ್ಥನೆಯನ್ನು ಆಧಾರವಾಗಿಟ್ಟುಕೊಂಡು ವಾದಿಸಿದ ಮ್ಯಾಕ್ಸಿಮಸ್ ಎಂಬ ಸನ್ಯಾಸಿಯ ನಾಲಿಗೆಯನ್ನೂ ಬಲಗೈಯನ್ನೂ ಕತ್ತರಿಸಿ ಗಡೀಪಾರು ಮಾಡಿದರು. ಆತನು 662ರಲ್ಲಿ ತೀರಿಕೊಂಡನು. 680–681ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕೂಡಿದ ಮಹಾಸಭೆಯು ಆತನು ಹೇಳಿದ್ದನ್ನೇ ಎತ್ತಿಹಿಡಿಯಿತು: ಕ್ರಿಸ್ತನಲ್ಲಿ ದೈವಚಿತ್ತವೂ ಮನುಷ್ಯ ಚಿತ್ತವೂ ಇದ್ದವು, ಮನುಷ್ಯ ಚಿತ್ತವು ಅಳಿಸಿಹೋಗದೆ ದೈವಚಿತ್ತಕ್ಕೆ ಒಳಪಟ್ಟಿತು. ನನ್ನ ತಕ್ಕಡಿ ಪೂರ್ತಿಯಾಗಿ ಮುರಿದದ್ದು ಇಲ್ಲಿಯೇ. ತಂದೆಯ ಚಿತ್ತವು ನೂರಕ್ಕೆ ನೂರು ನೆರವೇರಿದ ಆ ರಾತ್ರಿಯಲ್ಲಿಯೇ ಒಬ್ಬ ಮನುಷ್ಯನ ಚಿತ್ತವು ಅತ್ಯಂತ ಸ್ವತಂತ್ರವಾಗಿ ಕೆಲಸಮಾಡಿತು.

ಬಾಧೆಯ ಫಲದ ಕುರಿತು ಇಲ್ಲಿ ಹೆಚ್ಚು ಬರೆಯುವುದಿಲ್ಲ. ಯೆಶಾಯ 53ನ್ನೂ ಇಬ್ರಿಯ 10:5–10ನ್ನೂ ಒಟ್ಟಿಗೆ ಓದಿದರೆ ಸಾಕು: ನಿನ್ನ ಚಿತ್ತವನ್ನು ನೆರವೇರಿಸಲು ಬಂದಿದ್ದೇನೆ ಎಂದ ಒಬ್ಬನ ವಿಧೇಯತೆಯಿಂದ ಅನೇಕರು ಶುದ್ಧರಾದರು.

‘ಬೇಕು’ ಎಂಬ ಕೀಲಿಕೈ

ಇನ್ನು ಮೂರನೆಯ ಪಾಠ, ಸಾಕ್ಷಿಯ ಕರೆ. ಇದಕ್ಕೆ ನನ್ನ ಮೆಚ್ಚಿನ ಉಪಾಯವೆಂದರೆ ಲೂಕನು ಬರೆದ ಎರಡು ಪುಸ್ತಕಗಳಲ್ಲಿ ‘ದೆಯ್’ ಎಂಬ ಪದವನ್ನು ಹುಡುಕುತ್ತಾ ಹೋಗುವುದು. ಅದರ ಅರ್ಥ ‘ಆಗಲೇಬೇಕು’. ಕ್ರಿಸ್ತನು ಇಂಥ ಬಾಧೆಗಳನ್ನು ಅನುಭವಿಸಿ ತನ್ನ ಮಹಿಮೆಗೆ ಸೇರಬೇಕಾಗಿತ್ತಲ್ಲವೇ ಎಂದು ಎಮ್ಮಾಹುವಿನ ದಾರಿಯಲ್ಲಿ ಯೇಸು ಕೇಳಿದಾಗ (ಲೂಕ 24:26) ಬಂದ ಪದ ಅದು. ಅಪೊಸ್ತಲರ ಕೃತ್ಯಗಳು 9ರಲ್ಲಿ, ಸೌಲನು (ಪೌಲನ ಇನ್ನೊಂದು ಹೆಸರು) ನನ್ನ ಹೆಸರನ್ನು ಅನ್ಯಜನರ ಮುಂದೆ ಹೊರಲು ಆರಿಸಿಕೊಂಡ ಸಾಧನವೆಂದು ಕರ್ತನು ಅನನೀಯನೆಂಬ ಶಿಷ್ಯನಿಗೆ ಹೇಳಿ, ಮರುಕ್ಷಣವೇ, ನನ್ನ ಹೆಸರಿನ ನಿಮಿತ್ತ ಅವನು ಎಷ್ಟು ಬಾಧೆಪಡಬೇಕೆಂದು ತೋರಿಸುವೆನು ಎಂದಾಗಲೂ ಬರುವುದು ಅದೇ ಪದ. ಕ್ರಿಸ್ತನ ಬಾಧೆಯ ಮೇಲಿದ್ದ ‘ಬೇಕು’ ಎಂಬ ಮುದ್ರೆಯೇ ಆತನ ಸಾಕ್ಷಿಯ ಬಾಧೆಯ ಮೇಲೂ ಬಿದ್ದಿದೆ.

ಕನ್ನಡದ ‘ಬೇಕು’ ನನಗೆ ಇಲ್ಲಿ ಗ್ರೀಕ್ ಪದಕ್ಕಿಂತ ಹೆಚ್ಚು ಸಹಾಯಮಾಡಿತು. ನಮ್ಮಲ್ಲಿ ‘ಹೋಗಬೇಕು’ ಎಂದರೆ ಕರ್ತವ್ಯ, ‘ನನಗೆ ಬೇಕು’ ಎಂದರೆ ಆಸೆ. ಕ್ರಿಸ್ತನು ಬಾಧೆಪಡಬೇಕಾಗಿತ್ತು ಎಂಬುದು ಹೊರಗಿನಿಂದ ಹೇರಿದ ನಿರ್ಬಂಧವಾಗಿರಲಿಲ್ಲ. ಕಳೆದುಹೋದವರು ದೇವರಿಗೆ ಬೇಕಾಗಿದ್ದರು, ಅದಕ್ಕಾಗಿ ಆತನು ಬಾಧೆಪಡಬೇಕಾಯಿತು. ಇದು ವ್ಯಾಕರಣದ ಪ್ರಮಾಣವಾಗಲಾರದು, ನೆನಪಿಗೆ ಹಿಡಿತವಾಗಿ ಮಾತ್ರ ಬಳಸುತ್ತೇನೆ.

ಆದರೆ ವ್ಯಾಕರಣದ ಪ್ರಮಾಣವೂ ಇದೆ, ಅದು ಲೂಕ 24:46–47ರಲ್ಲಿದೆ. ಅಲ್ಲಿ ‘ಹೀಗೆ ಬರೆದದೆ’ ಎಂಬ ಒಂದೇ ಕ್ರಿಯೆಯ ಕೆಳಗೆ ಮೂರು ಸಂಗತಿಗಳು ಸಾಲಾಗಿ ನಿಂತಿವೆ: ಕ್ರಿಸ್ತನು ಬಾಧೆಪಡುವುದು, ಮೂರನೆಯ ದಿನ ಸತ್ತವರೊಳಗಿಂದ ಏಳುವುದು, ಆತನ ಹೆಸರಿನಲ್ಲಿ ಪಾಪಕ್ಷಮೆಗಾಗಿ ಮಾನಸಾಂತರವು ಎಲ್ಲಾ ಜನಾಂಗಗಳಿಗೆ ಸಾರಲ್ಪಡುವುದು. ಮೂಲದಲ್ಲಿ ಮೂರೂ ಒಂದೇ ವ್ಯಾಕರಣರೂಪದಲ್ಲಿವೆ. ಮೊದಲೆರಡನ್ನು ಸುವಾರ್ತೆಯೆಂದೂ ಮೂರನೆಯದನ್ನು ಉತ್ಸಾಹಿಗಳು ಆಮೇಲೆ ಕೈಗೊಳ್ಳುವ ಕೆಲಸವೆಂದೂ ನಾನು ಇಷ್ಟು ಕಾಲ ಓದುತ್ತಿದ್ದೆ. ಲೂಕನ ವಾಕ್ಯವು ಅದಕ್ಕೆ ಎಡೆಕೊಡುವುದಿಲ್ಲ. ಸಾರುವುದೂ ಶಿಲುಬೆಯಷ್ಟೇ ಶಾಸ್ತ್ರದಲ್ಲಿ ಬರೆದಿಟ್ಟ ಸಂಕಲ್ಪವಾಗಿದೆ. ಅದು ಎಲ್ಲಿಂದ ಶುರುವಾಗಬೇಕೆಂದೂ ಹೇಳಿದೆ: ಯೆರೂಸಲೇಮಿನಿಂದ, ಎಂದರೆ ಆತನನ್ನು ಒಪ್ಪಿಸಿದ ಊರಿನಿಂದಲೇ. ನನ್ನ ಹಾಳೆಯ ಮೇಲಿನ ಹೆಸರುಗಳಿಗೆ ಕ್ಷಮೆಯ ಮಾತು ಮೊದಲು ತಲುಪಬೇಕಾಗಿತ್ತು. ದೇವರ ಸಂಕಲ್ಪವು ಅವರ ಅಪರಾಧವನ್ನು ಇಲ್ಲವಾಗಿಸಿದ್ದರೆ ಪೇತ್ರನು ಅವರಿಗೆ ಮಾನಸಾಂತರ ಹೊಂದಿರಿ ಎಂದು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಅಪರಾಧವು ಸಂಕಲ್ಪವನ್ನು ಕೆಡಿಸಿಬಿಟ್ಟಿದ್ದರೆ ಅವರಿಗೆ ಕೊಡಲು ಅವನ ಬಳಿ ಕ್ಷಮೆಯೇ ಇರುತ್ತಿರಲಿಲ್ಲ.

ದೇವರೇ ರಕ್ಷಿಸುವವನಾದರೆ ನಾನೇಕೆ ಮಾತನಾಡಬೇಕು ಎಂಬ ನನ್ನ ಎರಡನೆಯ ಪ್ರಶ್ನೆಗೂ ಉತ್ತರ ಇಲ್ಲೇ ಸಿಕ್ಕಿತು. ಕೊರಿಂಥದಲ್ಲಿ ಹೆದರಿದ್ದ ಪೌಲನಿಗೆ ಕರ್ತನು, ಸುಮ್ಮನಿರದೆ ಮಾತನಾಡುತ್ತಲೇ ಇರು, ಈ ಪಟ್ಟಣದಲ್ಲಿ ನನಗೆ ಬಹಳ ಮಂದಿ ಇದ್ದಾರೆ ಎಂದು ಹೇಳಿದನು (ಅಪೊಸ್ತಲರ ಕೃತ್ಯಗಳು 18:9–10). ಬಹಳ ಮಂದಿ ಈಗಾಗಲೇ ದೇವರವರಾಗಿದ್ದಾರೆ ಎಂಬುದನ್ನು ನಾನು ಸುಮ್ಮನಿರಲು ಕಾರಣವಾಗಿ ಓದುತ್ತಿದ್ದೆ, ಪೌಲನು ಅದನ್ನು ಒಂದೂವರೆ ವರ್ಷ ಅಲ್ಲಿಯೇ ಉಳಿದು ಬೋಧಿಸಲು ಕಾರಣವಾಗಿ ಓದಿದನು. 1792ರಲ್ಲಿ ಇಂಗ್ಲೆಂಡಿನ ಬೋಧಕ ವಿಲಿಯಂ ಕೇರಿ ಪ್ರಕಟಿಸಿದ ಕಿರುಹೊತ್ತಗೆಯ ವಾದವೂ ಇದಕ್ಕೆ ಹತ್ತಿರವಾದದ್ದು: ದೇವರು ಮಾಡುವನೆಂಬ ನಂಬಿಕೆ ಇರುವವರೇ ಸಾಧನಗಳನ್ನು ಕೈಗೆತ್ತಿಕೊಳ್ಳಲು ಬದ್ಧರಾಗಿದ್ದಾರೆ. ಮರುವರ್ಷ ಬಂಗಾಳಕ್ಕೆ ಬಂದ ಆತನು ಅಲ್ಲಿಯ ಮೊದಲ ವಿಶ್ವಾಸಿಗೆ ದೀಕ್ಷಾಸ್ನಾನ ಮಾಡಿಸಿದ್ದು 1800ರ ಡಿಸೆಂಬರಿನಲ್ಲಿ. ನಡುವಿನ ಏಳು ವರ್ಷಗಳನ್ನು ಆ ನಂಬಿಕೆಯಿಲ್ಲದೆ ದಾಟುವುದು ಕಷ್ಟವಾಗಿತ್ತೆಂದು ನನಗೆ ತೋರುತ್ತದೆ.

ಕೊಲೊಸ್ಸೆ 1:24ರ ತೊಡಕು

ಕ್ರಿಸ್ತನ ಸಂಕಟಗಳೊಳಗೆ ಉಳಿದದ್ದನ್ನು ನನ್ನ ಶರೀರದಲ್ಲಿ ತೀರಿಸುತ್ತೇನೆ ಎಂದು ಪೌಲನು ಬರೆದಿರುವುದನ್ನು ಓದಿ ನಾನು ಗಾಬರಿಗೊಂಡೆ. ಶಿಲುಬೆಯಲ್ಲಿ ಏನೋ ಬಾಕಿ ಉಳಿದಿತ್ತೇ? ಅದೇ ಪತ್ರಿಕೆ 2:14ರಲ್ಲಿ ನಮಗೆ ವಿರೋಧವಾದ ಸಾಲಪತ್ರವನ್ನು ಶಿಲುಬೆಗೆ ಜಡಿದು ಇಲ್ಲದಂತೆ ಮಾಡಿದನೆಂದು ಹೇಳುವಾಗ ಬಾಕಿಯ ಮಾತೇ ಏಳುವುದಿಲ್ಲ. ಇಲ್ಲಿ ‘ಸಂಕಟ’ ಎಂಬುದಕ್ಕೆ ಇರುವ ಪದ ‘ಥ್ಲಿಪ್ಸಿಸ್’. ಹೊಸ ಒಡಂಬಡಿಕೆಯಲ್ಲಿ ಕ್ರಿಸ್ತನ ಪ್ರಾಯಶ್ಚಿತ್ತದ ಮರಣಕ್ಕೆ ಬೇರೆಲ್ಲಿಯೂ ಈ ಪದವನ್ನು ಬಳಸಿಲ್ಲ, ಹಿಂಸೆ ಮತ್ತು ಇಕ್ಕಟ್ಟುಗಳಿಗೆ ಬಳಸಿದೆ. ಮುಂದಿನ ವಚನದಲ್ಲಿಯೇ ಪೌಲನು ದೇವರ ವಾಕ್ಯವನ್ನು ಪೂರ್ಣವಾಗಿ ಸಾರುವ ತನ್ನ ಸೇವೆಯನ್ನು ಹೇಳುತ್ತಾನೆ. ಹೀಗಾಗಿ ನಾನು ಅರ್ಥಮಾಡಿಕೊಂಡಿರುವುದು ಇಷ್ಟು: ಪಾಪಕ್ಕಾಗಿ ಅನುಭವಿಸಬೇಕಾದದ್ದೆಲ್ಲವೂ ತೀರಿತು, ಆದರೆ ತೀರಿತೆಂಬ ಸುದ್ದಿ ಕೊಲೊಸ್ಸೆಯವರೆಗೆ ನಡೆದುಹೋಗಬೇಕಾಗಿತ್ತು, ಆ ನಡಿಗೆಯಲ್ಲಿ ಯಾರೋ ಒಬ್ಬರು ಏಟು ತಿನ್ನಬೇಕಾಗಿತ್ತು. ಪೌಲನು ಈ ಪತ್ರಿಕೆಯನ್ನು ಬೇಡಿಗಳಲ್ಲಿದ್ದುಕೊಂಡೇ ಬರೆಯುತ್ತಿದ್ದಾನೆ (4:18).

ಮೂರೂ ಕೂಡುವ ನಾಲ್ಕು ವಚನಗಳು

ಒಂದೇ ಭಾಗವನ್ನು ಬಾಯಿಪಾಠ ಮಾಡಬೇಕೆನ್ನುವವರಿಗೆ ನಾನು ಸೂಚಿಸುವುದು 1 ಪೇತ್ರ 3:15–18. ನಿಮ್ಮಲ್ಲಿರುವ ನಿರೀಕ್ಷೆಗೆ ಆಧಾರವೇನೆಂದು ಕೇಳುವವರೆಲ್ಲರಿಗೂ ಉತ್ತರ ಕೊಡಲು ಯಾವಾಗಲೂ ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದಲೂ ಮನೋಭೀತಿಯಿಂದಲೂ ಕೊಡಿರಿ ಎಂಬುದು ಸಾಕ್ಷಿಯ ಕರೆ. ಒಳ್ಳೆಯದನ್ನು ಮಾಡಿ ಬಾಧೆಪಡುವುದು ದೇವರ ಚಿತ್ತವಾಗಿದ್ದರೆ ಎಂಬುದು ಮುಂದಿನ ಮಾತು. ಕ್ರಿಸ್ತನು ಸಹ ಪಾಪಗಳಿಗಾಗಿ ಒಂದೇ ಸಾರಿ ಬಾಧೆಪಟ್ಟನು ಎಂಬುದು ಅದರ ಆಧಾರ. ಇಲ್ಲಿ ‘ಕೇಳುವವರಿಗೆ’ ಎಂಬ ಮಾತನ್ನು ನಾನು ಗೆರೆ ಎಳೆದು ಗುರುತಿಸಿಕೊಂಡಿದ್ದೇನೆ. ಕೇಳುವಂಥ ಬದುಕು ಮೊದಲು ಇರಬೇಕು, ಕೇಳಿದವನ ಗೌರವ ಉಳಿಯುವಂತೆ ಉತ್ತರ ಇರಬೇಕು. ಅದೇ ಪತ್ರಿಕೆ 4:15ರಲ್ಲಿ ಕೊಲೆಗಾರನೂ ಕಳ್ಳನೂ ಬರುವ ಪಟ್ಟಿಯಲ್ಲಿಯೇ ಪರರ ಕಾರ್ಯಗಳಲ್ಲಿ ತಲೆಹಾಕುವವನನ್ನೂ ಸೇರಿಸಿ, ಹಾಗೆ ಬಾಧೆಪಡಬೇಡಿರಿ ಎಂದು ಹೇಳುತ್ತದೆ. ಒತ್ತಾಯದಿಂದಲೋ ಒರಟುತನದಿಂದಲೋ ತಂದುಕೊಂಡ ವಿರೋಧವನ್ನು ಕ್ರಿಸ್ತನಿಗಾಗಿ ಪಟ್ಟ ಬಾಧೆಯೆಂದು ಲೆಕ್ಕಕ್ಕೆ ಬರೆದುಕೊಳ್ಳುವ ಹಕ್ಕು ನಮಗಿಲ್ಲವೆಂದು ನಾನು ಇದನ್ನು ಓದುತ್ತೇನೆ.

3:17ರ ‘ದೇವರ ಚಿತ್ತವಾಗಿದ್ದರೆ’ ಎಂಬಲ್ಲಿ ಗ್ರೀಕ್ ಭಾಷೆಯ ಅಪರೂಪದ ಸಂಭಾವನಾರೂಪವಿದೆ. ಒಂದು ವೇಳೆ ಹಾಗೆ ಇದ್ದರೆ ಎಂಬ ಎಚ್ಚರದ ಧ್ವನಿ ಅದರಲ್ಲಿ ಕೇಳುತ್ತದೆ. ಬಾಧೆಯನ್ನು ಹುಡುಕಿಕೊಂಡು ಹೋಗಬೇಕೆಂದು ಪತ್ರಿಕೆ ಹೇಳುವುದಿಲ್ಲ, ಪ್ರತಿಯೊಬ್ಬನಿಗೂ ಅದು ಬಂದೇ ಬರುತ್ತದೆಂದು ಇಲ್ಲಿ ಹೇಳುವುದೂ ಇಲ್ಲ.

ಆ ‘ಇದ್ದರೆ’ ಯಾರ ಹೆಸರಿನ ಪತ್ರಿಕೆಯಲ್ಲಿದೆ ಎಂಬುದನ್ನು ನೋಡಬೇಕು. ಯೇಸು ಬಾಧೆಪಡಬೇಕೆಂದು ಮೊದಲ ಸಲ ಹೇಳಿದಾಗ ಆತನನ್ನು ಪಕ್ಕಕ್ಕೆ ಕರೆದು ಗದರಿಸಿದವನು ಪೇತ್ರನು (ಮಾರ್ಕ 8:32). ಶಿಷ್ಯರಾದ ಯಾಕೋಬ ಯೋಹಾನರು ಮಹಿಮೆಯಲ್ಲಿ ಎಡಬಲದ ಸ್ಥಾನ ಬೇಡಿದಾಗ, ನಾನು ಕುಡಿಯುವ ಪಾತ್ರೆಯನ್ನು ನೀವೂ ಕುಡಿಯುವಿರಿ ಎಂದು ಯೇಸು ಅವರಿಗೆ ಹೇಳಿದ್ದು (ಮಾರ್ಕ 10:39) ಪೇತ್ರನಿಗೆ ತಿಳಿದಿತ್ತು. ಅಪೊಸ್ತಲರ ಕೃತ್ಯಗಳು 12ರಲ್ಲಿ ಅರಸನಾದ ಹೆರೋದನು ಆ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಲೂಕನು ಅದಕ್ಕೆ ಕೊಟ್ಟಿರುವುದು ಗ್ರೀಕ್‌ನಲ್ಲಿ 7 ಪದಗಳ ಒಂದು ವಚನವನ್ನು ಮಾತ್ರ. ಅದೇ ಅಧ್ಯಾಯದಲ್ಲಿ ಪೇತ್ರನನ್ನೂ ಹಿಡಿದು ಸೆರೆಯಲ್ಲಿಡುತ್ತಾರೆ, ಸಭೆಯು ಅವನಿಗಾಗಿ ಆಸಕ್ತಿಯಿಂದ ಪ್ರಾರ್ಥಿಸುತ್ತದೆ, ದೂತನು ಅವನ ಪಕ್ಕೆ ತಟ್ಟಿ ಎಬ್ಬಿಸಿ ಹೊರಗೆ ಕರೆದುಕೊಂಡು ಹೋಗುತ್ತಾನೆ. ಒಬ್ಬನು ಪಾತ್ರೆಯನ್ನು ಕುಡಿದನು, ಇನ್ನೊಬ್ಬನಿಗೆ ಆ ರಾತ್ರಿ ಅದು ತೊಲಗಿತು, ಏಕೆಂಬುದಕ್ಕೆ ಲೂಕನು ಕಾರಣ ಬರೆದಿಲ್ಲ. ಬೀದಿಯ ಕೊನೆಯವರೆಗೆ ನಡೆದು, ದೂತನು ಬಿಟ್ಟುಹೋದ ಮೇಲೆ ಒಬ್ಬನೇ ನಿಂತ ಪೇತ್ರನು ವಿಶ್ವಾಸಿಗಳು ಕೂಡಿದ್ದ ಮನೆಗೆ ಹೋಗಿ ಬಾಗಿಲು ತಟ್ಟುತ್ತಾನೆ, ಸುಮ್ಮನಿರಿ ಎಂದು ಕೈಸನ್ನೆ ಮಾಡಿ ಕರ್ತನು ತನ್ನನ್ನು ಹೇಗೆ ಹೊರಗೆ ತಂದನೆಂಬುದನ್ನು ಹೇಳುತ್ತಾನೆ, ಇದನ್ನು ಉಳಿದ ಸಹೋದರರಿಗೂ ತಿಳಿಸಿರಿ ಎಂದು ಹೇಳಿ ಬೇರೊಂದು ಸ್ಥಳಕ್ಕೆ ಹೊರಟುಹೋಗುತ್ತಾನೆ.